ಹನ್ನೆರಡು ಸೈಕಲ್, ಹಿಂದೊಂದು ಲಾರಿ

ಹನ್ನೆರಡು ಮಂದಿ ಒಂದೇ ಸಾಲಿನಲ್ಲಿ ಹೋದರೂ ವಾಹನಗಳು ಮೈಗೆ ತಾಗುವಷ್ಟು ಹತ್ತಿರದಿಂದ ಹಾದುಹೋಗುತ್ತವೆ, ಏನು ಮಾಡುವುದು ಎಂದು ಕೇಳಿದ್ದೀರಿ. ತೊಂದರೆ ಇರುವುದು ಆ ಉದ್ದದ ಸಾಲಿನಲ್ಲೇ. ಒಂದು ಸೈಕಲ್ಲಿನ ಉದ್ದ ಸುಮಾರು 1.8 ಮೀಟರ್, ನಡುವೆ ಮೂರು ಮೀಟರ್ ಬಿಟ್ಟರೂ ನಿಮ್ಮ ಸಾಲು 55 ಮೀಟರ್ ಆಗುತ್ತದೆ. ಅಷ್ಟನ್ನೂ ಒಂದೇ ಉಸಿರಿಗೆ ದಾಟಲು ಹೊರಟ ಚಾಲಕ, ಎದುರಿನಿಂದ ವಾಹನ ಬಂದೊಡನೆ ನಿಮ್ಮ ಕಡೆಗೇ ವಾಲುತ್ತಾನೆ. ನಾಲ್ಕು ನಾಲ್ಕು ಜನರ ಮೂರು ಗುಂಪು ಮಾಡಿ, ಗುಂಪುಗಳ ನಡುವೆ ಒಂದು ಲಾರಿ ನಿರಾಳವಾಗಿ ಒಳಸೇರುವಷ್ಟು ಜಾಗ ಬಿಡಿ.

ಅಂಚಿಗೆ ಅಂಟಿಕೊಂಡು ಹೋಗಲೇಬೇಡಿ. ಮೊದಲ ಪ್ರವಾಸದಲ್ಲಿ ನಾನು ಅಂಚಿನ ಬಿಳಿ ಗೆರೆಯ ಮೇಲೆಯೇ ಹೋಗುತ್ತಿದ್ದೆ. ಲಾರಿಯೊಂದು ದಾಟುವಾಗ ಗಾಳಿ ಹೊರಕ್ಕೆ ತಳ್ಳಿ, ಮರುಕ್ಷಣವೇ ಒಳಕ್ಕೆ ಎಳೆಯಿತು. ಮುಂದಿನ ಚಕ್ರ ಜಲ್ಲಿಗೆ ಇಳಿದು ಅಡ್ಡ ತಿರುಗಿತು. ಮುಕ್ಕಾಲು ಮೀಟರ್ ಒಳಗಿದ್ದಿದ್ದರೆ ಸಾವರಿಸಿಕೊಳ್ಳುತ್ತಿದ್ದೆ.

ಕೊನೆಯಲ್ಲಿ ಅನುಭವಿಯೊಬ್ಬರು ಇರಲಿ. ಅವರು "ಹಿಂದೆ ಗಾಡಿ" ಎಂದು ಕೂಗಿದ್ದನ್ನು ಒಬ್ಬರಿಂದೊಬ್ಬರು ಮುಂದಕ್ಕೆ ದಾಟಿಸಬೇಕು. ಆದರೆ ಚಾಲಕರಿಗೆ ಮುಂದೆ ಹೋಗಿ ಎಂದು ಕೈಸನ್ನೆ ಮಾತ್ರ ಯಾರೂ ಮಾಡಬಾರದು. ತಿರುವಿನಾಚೆ ಏನಿದೆಯೆಂದು ನಿಮಗೂ ಕಾಣುವುದಿಲ್ಲ. ಪಂಕ್ಚರ್ ಆದರೆ, ದಯವಿಟ್ಟು, ಎಲ್ಲರೂ ಡಾಂಬರು ಬಿಟ್ಟು ಕೆಳಗಿಳಿಯಿರಿ.