ಯುಎಸ್‌ಏಡ್ ಮುಚ್ಚಿದ ಮೇಲೂ ವಿದೇಶಿ ನೆರವಿನ ಪ್ರಾಜೆಕ್ಟ್‌ಗೆ ಸೇರುವುದು ರಿಸ್ಕಾ?

ಬೆಂಗಳೂರಿನ ಕಂಪನಿಯೊಂದರಿಂದ ಆಫರ್ ಬಂದಿದೆ, ಆಫ್ರಿಕಾದ ರೈತರಿಗೆ ಎಸ್ಸೆಮ್ಮೆಸ್ ಕಳಿಸುವ ಕೆಲಸ, ದುಡ್ಡು ಯುರೋಪಿನ ಒಂದು ಸರ್ಕಾರದ್ದು. ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆಯಾಗಿದ್ದ ಯುಎಸ್‌ಏಡ್‌ನದ್ದಲ್ಲವಲ್ಲ, ಹಾಗಾದರೆ ರಾಜಕೀಯದ ಭಯ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ಇದು ನಾನೇ ಹಿಂದೆ ಯಾವಾಗಲೋ ಬರೆದ ಪ್ರಶ್ನೆಯಾ ಅಂತ ಒಂದು ಕ್ಷಣ ಅನುಮಾನ ಬಂತು.

2013ರ ಸುಮಾರಿಗೆ ನಾನು ಇದೇ ಕೆಲಸ ಮಾಡುತ್ತಿದ್ದೆ. ದೇಶ ಪೂರ್ವ ಆಫ್ರಿಕಾದ್ದು, ಹೆಸರು ಬೇಡ. ದುಡ್ಡು ಕೊಡುವವರು ಒಬ್ಬರು, ಅವರಿಂದ ಗುತ್ತಿಗೆ ಹಿಡಿದವರು ಇನ್ನೊಬ್ಬರು, ಅವರ ಕೆಳಗೆ ಒಂದು ಸಬ್‌ಕಾಂಟ್ರಾಕ್ಟ್, ಅದರ ಕೆಳಗೆ ನಾವು. ರೈತರ ಮೊಬೈಲಿಗೆ ಮೆಸೇಜ್ ಹೋಗುತ್ತಿತ್ತು: ಬಿತ್ತನೆ ಬೀಜ ಸಮಯಕ್ಕೆ ಬಂತಾ? ಬಂದಿದ್ದರೆ 1, ಇಲ್ಲದಿದ್ದರೆ 2. ಒಳ್ಳೆ ಕೆಲಸ ಅಂತ ಖುಷಿಯಾಗಿಯೇ ಮಾಡುತ್ತಿದ್ದೆ. ಸ್ವಲ್ಪ ದಿನ ಆದ ಮೇಲೆ ಮೇಲಿನಿಂದ ಹೊಸ ಪ್ರಶ್ನೆಗಳು ಬಂದವು. ನಿಮ್ಮ ಊರಿನ ಅಧಿಕಾರಿಗಳ ಕೆಲಸ ತೃಪ್ತಿ ತಂದಿದೆಯಾ? ಮುಂದಿನ ಚುನಾವಣೆಯಲ್ಲಿ ವೋಟು ಹಾಕುತ್ತೀರಾ? ಟೇಬಲ್ಲಿನಲ್ಲಿ ಫೋನ್ ನಂಬರು, ಜಿಲ್ಲೆ, ವಯಸ್ಸು ಇದ್ದ ಸಾಲಿಗೇ ಈ ಉತ್ತರಗಳೂ ಬಂದು ಕೂತವು.

ನನ್ನ ತಪ್ಪು ಅಲ್ಲಿಲ್ಲ. ಆ ಪ್ರಶ್ನೆ ಬರೆದವನು ನಾನಲ್ಲ. ನನ್ನ ತಪ್ಪು ಇನ್ನೂ ಸಣ್ಣದು, ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಇಂಗ್ಲಿಷ್ ಲಿಪಿಯ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರದ ಮಿತಿ. (ಕನ್ನಡದಲ್ಲಾದರೆ 70ಕ್ಕೇ ಮುಗಿಯಿತು.) ಅದು ದಾಟಿದರೆ ಮೆಸೇಜ್ ಎರಡು ತುಂಡಾಗುತ್ತದೆ, ಬಿಲ್ಲೂ ಎರಡರ ಲೆಕ್ಕ. ಮೊದಲ ಡ್ರಾಫ್ಟಿನ ಕೊನೆಗೆ ಒಂದು ಸಾಲು ಇತ್ತು: ಈ ಸಮೀಕ್ಷೆ ಇಂಥ ದೇಶದ ನೆರವಿನಿಂದ ನಡೆಯುತ್ತಿದೆ, ಬೇಡವಾದರೆ ಹೀಗೆ ಉತ್ತರಿಸಿ. ಆ ಸಾಲು ಇದ್ದರೆ 160 ದಾಟುತ್ತಿತ್ತು. ಯಾರೂ ತೆಗೆ ಅನ್ನಲಿಲ್ಲ. ಖರ್ಚು ಉಳಿಸುವ ಜಾಣ ನಾನೇ ತೆಗೆದೆ. ಮ್ಯಾನೇಜರು ಶಭಾಷ್ ಅಂದರು. ದುಡ್ಡು ಕೊಟ್ಟವರ ಹೆಸರು ವರದಿಯಲ್ಲಿತ್ತು, ಒಪ್ಪಂದದಲ್ಲಿತ್ತು, ನಮ್ಮ ಗೋಡೆಯ ಪೋಸ್ಟರಿನಲ್ಲೂ ಇತ್ತು. ಉತ್ತರ ಕೊಡುವ ರೈತನ ಫೋನಿನಲ್ಲಿ ಮಾತ್ರ ಇರಲಿಲ್ಲ.

ಚುನಾವಣೆ ಹತ್ತಿರ ಬಂತು. ನಮ್ಮ ರೈತರಿಗೆ ವೋಟಿನ ಪ್ರಶ್ನೆ ಕೇಳುತ್ತಿರುವ ಈ ಅನಾಮಿಕರು ಯಾರು ಅಂತ ಅಲ್ಲಿನ ಒಂದು ಪತ್ರಿಕೆ ಬರೆಯಿತು. ಅಲ್ಲಿನ ನಮ್ಮ ಪಾಲುದಾರ ಸಂಸ್ಥೆಯ ಕಚೇರಿಗೆ ಬೀಗ ಬಿತ್ತು. ದಿನಾ ಸಂಜೆ ನನ್ನ ಜೊತೆ ಕಾಲ್‌ನಲ್ಲಿ ಇರುತ್ತಿದ್ದ ಹುಡುಗನನ್ನು ವಿಚಾರಣೆಗೆ ಕರೆದೊಯ್ದರು, ಕಂಪ್ಯೂಟರ್ ತೆಗೆದುಕೊಂಡು ಹೋದರು. ಅವನು ಕೊನೆಗೆ ನನಗೆ ಕೇಳಿದ್ದು ಒಂದೇ: ಆ ಸಾಲು ಯಾಕೆ ತೆಗೆದೆ? ಬಿಲ್ ಉಳಿಸೋಕೆ ಅಂದರೆ ಪೊಲೀಸರು ನಂಬುತ್ತಾರಾ? ಅವನೇ ನಂಬಲಿಲ್ಲ. ಇಲ್ಲಿ ನಮ್ಮ ಟೀಮನ್ನು ವಿಸರ್ಜಿಸಿದರು, ನನ್ನ ಕೆಲಸ ಹೋಯಿತು. ಅವನಿಗೆ ಹೋಲಿಸಿದರೆ ನನ್ನದೇನೂ ಅಲ್ಲ ಬಿಡಿ.

ಮರುವರ್ಷ, 2014ರ ಏಪ್ರಿಲ್‌ನಲ್ಲಿ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಕ್ಯೂಬಾ ವರದಿ ಓದಿ ಕೈಕಾಲು ತಣ್ಣಗಾಯಿತು. ಯುಎಸ್‌ಏಡ್ ದುಡ್ಡಲ್ಲಿ ಜುನ್‌ಜುನೆಯೊ ಅಂತ ಟ್ವಿಟರ್ ತರಹದ ಎಸ್ಸೆಮ್ಮೆಸ್ ಸೇವೆ 2010ರಿಂದ 2012ರವರೆಗೆ ನಡೆದಿತ್ತು. ಜನರಿಗೆ ಕ್ರಿಕೆಟ್ ಸ್ಕೋರಿನ ಹಾಗೆ ಫುಟ್‌ಬಾಲ್, ಸಂಗೀತ, ಹವಾಮಾನದ ಸುದ್ದಿ. ಸುಮಾರು 40,000 ಜನ ಸೇರಿದರು. ಜನ ಜಾಸ್ತಿಯಾದ ಮೇಲೆ ನಿಧಾನಕ್ಕೆ ರಾಜಕೀಯ ತರುವ ಯೋಚನೆ ಇತ್ತಂತೆ, ಬಳಕೆದಾರರ ರಾಜಕೀಯ ಒಲವಿನ ಮಾಹಿತಿಯನ್ನೂ ಜೋಡಿಸಿಕೊಂಡಿದ್ದರು. ಹಿಂದೆ ಅಮೆರಿಕ ಇರುವುದು ಕಾಣಬಾರದು ಅಂತ ಸ್ಪೇನ್‌ನಲ್ಲಿ ಕಂಪನಿ, ಕೇಮನ್ ದ್ವೀಪದಲ್ಲಿ ಬ್ಯಾಂಕ್ ಖಾತೆ. ತಮಾಷೆ ಏನೆಂದರೆ ಮೆಸೇಜಿನ ಶುಲ್ಕ ಹೋಗಿದ್ದು ಕ್ಯೂಬಾ ಸರ್ಕಾರದ್ದೇ ಟೆಲಿಕಾಂ ಕಂಪನಿಗೆ! ಇದು ಗುಪ್ತ ಕಾರ್ಯಾಚರಣೆ ಅಲ್ಲ, ಎಚ್ಚರಿಕೆಯಿಂದ ಮಾಡಿದ ಕೆಲಸ ಅಷ್ಟೇ ಅಂತ ಯುಎಸ್‌ಏಡ್ ಸಮಜಾಯಿಷಿ ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಯುಎಸ್‌ಏಡ್‌ನ ಇನ್ನೊಂದು ಯೋಜನೆ ಹೊರಬಂತು. ವೆನೆಜುವೆಲಾ, ಕೋಸ್ಟರಿಕಾ, ಪೆರುವಿನ ಹುಡುಗ ಹುಡುಗಿಯರನ್ನು ಎಚ್‌ಐವಿ ಜಾಗೃತಿ ಶಿಬಿರದಂಥ ನೆಪದಲ್ಲಿ ಕ್ಯೂಬಾಕ್ಕೆ ಕಳಿಸಿ, ಸರ್ಕಾರದ ವಿರುದ್ಧ ನಿಲ್ಲಬಲ್ಲ ಯುವಕರನ್ನು ಹುಡುಕಿಸಿದ್ದರು. ಕೆಲವರಿಗೆ ಸಿಕ್ಕಿದ್ದು ಗಂಟೆಗೆ 5.41 ಡಾಲರ್. ಅದೂ ಅಲನ್ ಗ್ರಾಸ್ ಎಂಬ ಯುಎಸ್‌ಏಡ್‌ನ ಸಬ್‌ಕಾಂಟ್ರಾಕ್ಟರ್ ಇಂಟರ್‌ನೆಟ್ ಉಪಕರಣ ತಂದದ್ದಕ್ಕೆ 2009ರ ಡಿಸೆಂಬರ್‌ನಲ್ಲಿ ಅಲ್ಲಿ ಬಂಧನವಾದ ಮೇಲೂ. ಅವರಿಗೆ 15 ವರ್ಷ ಶಿಕ್ಷೆಯಾಗಿ, 2014ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಇವರೆಲ್ಲ ನಮ್ಮ ಹಾಗೆ ಸರಪಳಿಯ ಕೆಳತುದಿಯವರು. ವಾಷಿಂಗ್ಟನ್‌ನಲ್ಲಿ ಯೋಜನೆ ಬರೆದವರು ಯಾರೂ ಜೈಲಿಗೆ ಹೋಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಯಾವ ದೇಶದ ದುಡ್ಡು ಅನ್ನುವುದರಿಂದ ಏನೂ ತೀರ್ಮಾನವಾಗುವುದಿಲ್ಲ. 2025ರ ಜುಲೈ 1ಕ್ಕೆ ಯುಎಸ್‌ಏಡ್‌ನ ಅಂಗಡಿ ಮುಚ್ಚಿ ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯಿತು ನಿಜ. ಆದರೆ ನೆರವು ಕೊಡುವ ಪ್ರತಿ ಸರ್ಕಾರಕ್ಕೂ ಅಲ್ಲೊಂದು ಹಿತಾಸಕ್ತಿ ಇದ್ದೇ ಇರುತ್ತದೆ. ಎಲ್ಲವೂ ಪಿತೂರಿ ಅನ್ನುವವರ ಮಾತೂ ಕೇಳಬೇಡಿ. 2025ರ ಫೆಬ್ರವರಿಯಲ್ಲಿ ಭಾರತದ ಮತದಾನ ಹೆಚ್ಚಿಸಲು 2.1 ಕೋಟಿ ಡಾಲರ್ ಅಂತ ಅಮೆರಿಕ ಸರ್ಕಾರದ ಖರ್ಚು ಕಡಿತದ ತಂಡ ಡೋಜ್ ಒಂದು ಸಾಲು ಹಾಕಿದಾಗ ಇಲ್ಲಿ ಟಿವಿಯಲ್ಲಿ ಎಷ್ಟು ಗಲಾಟೆ! ಆ ದುಡ್ಡು ಬಾಂಗ್ಲಾದೇಶಕ್ಕೆ ಮಂಜೂರಾಗಿದ್ದು ಅಂತ ಇಂಡಿಯನ್ ಎಕ್ಸ್‌ಪ್ರೆಸ್ ದಾಖಲೆ ಸಮೇತ ಬರೆಯಿತು. ಅಷ್ಟರಲ್ಲಿ ಅವರವರಿಗೆ ಬೇಕಾದವರನ್ನು ದೇಶದ್ರೋಹಿ ಅಂತ ಕರೆದು ಮುಗಿಸಿದ್ದರು.

ನಮ್ಮ ಮೇಲಿನವರಿಗೆ ದುರುದ್ದೇಶ ಇತ್ತಾ? ಇರಲಿಕ್ಕಿಲ್ಲ ಅಂತಲೇ ನನಗನ್ನಿಸುತ್ತದೆ. ಆದರೂ ಆ ಹುಡುಗನಿಗೆ ಆದದ್ದು ಆಯಿತು.

ಆಫರ್ ಒಪ್ಪುವ ಮೊದಲು ಒಂದು ಕೆಲಸ ಮಾಡಿ. ಸಂಬಳದ ಚೌಕಾಸಿ ಆಮೇಲೆ. ರೈತನ ಫೋನಿಗೆ ಹೋಗುವ ನಿಜವಾದ ಮೆಸೇಜ್ ತೋರಿಸಿ ಅನ್ನಿ, ಮಾದರಿ ಅಲ್ಲ, ಹೋಗುವಂಥದ್ದೇ. ಅದರಲ್ಲಿ ದುಡ್ಡು ಕೊಟ್ಟವರ ಹೆಸರು ಇದೆಯಾ ನೋಡಿ. ಉತ್ತರದ ಪಕ್ಕದಲ್ಲಿ ಫೋನ್ ನಂಬರು ಯಾಕೆ ಇರಬೇಕು, ಆ ಟೇಬಲ್ ಯಾರ ಕೈಗೆ ಹೋಗುತ್ತದೆ ಅಂತ ಕೇಳಿ. ಅಲ್ಲಿನ ಸ್ಥಳೀಯ ಸಿಬ್ಬಂದಿಯಲ್ಲಿ ಒಬ್ಬರ ಜೊತೆ ಮ್ಯಾನೇಜರ್ ಇಲ್ಲದೆ ಮಾತಾಡಿ, ಏನಾದರೂ ಎಡವಟ್ಟಾದರೆ ಅವರಿಗೆ ವಕೀಲರನ್ನು ಯಾರು ಇಟ್ಟುಕೊಡುತ್ತಾರೆ ಅಂತ ವಿಚಾರಿಸಿ. ಇದಕ್ಕೆ ಎಚ್‌ಆರ್‌ನವರು ಅದೆಲ್ಲ ಗೌಪ್ಯ ಅಂದರೆ ನಮಸ್ಕಾರ ಹೇಳಿ ಬನ್ನಿ. ಹೆಸರಿನ ಸಾಲು ಸೇರಿಸಿದರೆ ಬಿಲ್ ಡಬಲ್ ಆಗುತ್ತದೆ ಅಂದರೆ, ಆಗಲಿ, ಡಬಲ್ಲೇ ಕೊಡಿ ಅನ್ನಿ.