ನಾನು ಮಾಡ್ತಿದ್ದಿದ್ದು ಇನ್ನೊಂದು ಥರದ ಕೇಳೋದು

ಕೌನ್ಸೆಲಿಂಗ್ ಕೋರ್ಸ್ ಸೇರಿದೀನಿ, ಎಲ್ರೂ ನೀನು ಚೆನ್ನಾಗಿ ಕೇಳಿಸ್ಕೊತೀಯ ಅಂತಾರೆ, ಅದು ನಿಜಾನಾ ಅಂತ ತಿಳ್ಕೊಳ್ಳೋದು ಹೆಂಗೆ ಅಂತ ಕೇಳಿದೀರಿ. ನಾನೂ ಶಿವಮೊಗ್ಗದಲ್ಲಿ ಅದನ್ನೇ ಕಲೀತಿರೋನು ಮಾರಾಯ್ರೆ, ದೊಡ್ಡ ಪಂಡಿತ ಏನಲ್ಲ. ಆದ್ರೂ ಒಂದು ಹೇಳ್ತೀನಿ, ಒಪ್ಪಿಗೆ ತಗೊಂಡು ನಿಮ್ಮ ಪ್ರಾಕ್ಟೀಸ್ ಸೆಷನ್ ರೆಕಾರ್ಡ್ ಮಾಡ್ಕೊಳ್ಳಿ, ಆಮೇಲೆ ಕೂತು ಒಂದಕ್ಷರ ಬಿಡದೆ ಬರೀರಿ. ಇದೇನು ಹೊಸದಲ್ಲ, ಕೌನ್ಸೆಲಿಂಗಲ್ಲಿ ದೊಡ್ಡ ಹೆಸರಾದ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ 1942ರಲ್ಲೇ ಒಂದು ಕೇಸಿನ ರೆಕಾರ್ಡ್ ಆದ ಮಾತನ್ನೆಲ್ಲ ಪೂರ್ತಿ ಅಚ್ಚು ಹಾಕ್ಸಿದ್ರು.

ನಂದು ಹೇಳ್ತೀನಿ ಕೇಳಿ. ಕ್ಲಾಸಲ್ಲಿ ಮೂರು ಜನದ ಗುಂಪು, ಒಬ್ರು ಕೌನ್ಸೆಲರ್, ಒಬ್ರು ಕ್ಲೈಂಟ್, ಇನ್ನೊಬ್ರು ನೋಡ್ತಾ ಕೂರೋರು. ನನ್ನ ಕ್ಲಾಸ್‌ಮೇಟ್ ಒಬ್ಳು ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರ ಮಗಳ ಪಾತ್ರ ಮಾಡ್ತಿದ್ಳು (ಕಟ್ಟಿದ ಕಥೆ, ಯಾರ ಗುಟ್ಟನ್ನೂ ಬಿಚ್ತಿಲ್ಲ). "ಅಪ್ಪ ಹೋದ್ಮೇಲೆ ತೋಟಕ್ಕೆ ಇಳಿಯೋಕೆ ಮನಸ್ಸೇ ಬರ್ತಿಲ್ಲ" ಅಂದ್ಳು. ನಮ್ಮನೇಲೂ ತೋಟ ಇದೆ ನೋಡಿ, ತೋಟ ಅನ್ನೋ ಪದ ಕಿವಿಗೆ ಬಿದ್ದಿದ್ದೇ "ಎಲೆಚುಕ್ಕಿ ರೋಗ ಬಂದಿದ್ಯಾ? ಔಷಧಿ ಹೊಡ್ಸಿದ್ರಾ?" ಅಂತ ಶುರು ಹಚ್ಕೊಂಡೆ, ಅಲ್ಲಿಂದ ಅಡಿಕೆ ಕೊನೆ ಕೊಯ್ಯೋ ಕೊನೆಗಾರರು ಸಿಗಲ್ಲ, ಮಳೇಲಿ ಬೋರ್ಡೋ ಔಷಧಿ ನಿಲ್ಲಲ್ಲ, ಕೊಳೆ ರೋಗ ಶುರುವಾದ್ರೆ ಮುಗೀತು ಅಂತ ಹತ್ತು ನಿಮಿಷ ಹೋಯ್ತು, ನನಗಂತೂ ಏನು ಚೆನ್ನಾಗಿ ಮಾತಾಡಿದ್ವಪ್ಪಾ ಅನ್ನಿಸ್ತು. ಮನೆಗೆ ಬಂದು ಬರೆಯೋಕೆ ಕೂತಾಗ ಗೊತ್ತಾಯ್ತು, ಅವ್ಳು ನಾಲ್ಕು ಸಲ ಅಪ್ಪ ಅಂದಿದಾಳೆ, ನನ್ನ ಬಾಯಲ್ಲಿ ಒಂದು ಸಲಾನೂ ಅಪ್ಪ ಬಂದಿಲ್ಲ.

ಊರು ಒಂದೇ, ಕಷ್ಟ ಒಂದೇ ಆದ್ರೆ ಬೇಗ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ. ನನ್ನ ವಿಷಯದಲ್ಲಿ ಅದೇ ಅಡ್ಡ ಬಂತು.

ಇನ್ನೊಂದು ಕಂಡಿದ್ದು ಪ್ರಶ್ನೆಗಳ ಬಾಲ. ಹೊಡ್ಸಿದ್ರಾ, ಹೋಗಿದ್ರಾ, ತೋರ್ಸಿದ್ರಾ. ಕೊನೇಲಿ "ಆ" ಅನ್ನೋ ಸ್ವರ ಬಂತು ಅಂದ್ರೆ ಎದುರಿನವ್ರಿಗೆ ಹೌದು ಇಲ್ಲ ಅನ್ನೋದು ಬಿಟ್ರೆ ದಾರಿನೇ ಇರಲ್ಲ, ಕ್ಲೋಸ್ಡ್ ಕ್ವೆಶ್ಚನ್ ಅಂತ ಕ್ಲಾಸಲ್ಲಿ ಹೇಳೋದು ಇದನ್ನೇ. ಕನ್ನಡದಲ್ಲಿ ಕಿವಿಗೊಡೋದಕ್ಕೂ ಪ್ರಶ್ನೆ ಹಾಕೋದಕ್ಕೂ ಕೇಳೋದು ಅಂತೀವಲ್ಲ, ನಾನು ಪೂರ್ತಿ ಪ್ರಶ್ನೆ ಕೇಳೋದ್ರಲ್ಲೇ ಇದ್ದೆ. "ಯಾಕೆ" ಬಗ್ಗೆನೂ ಹುಷಾರು, ಯಾಕೆ ಹೋಗ್ಲಿಲ್ಲ ಅಂದ್ರೆ ಬೈದಂಗೇ ಕೇಳ್ಸುತ್ತೆ. "ಎಂತ ಆಯ್ತು" ಅಂದು ಸುಮ್ನಿರೋದು ವಾಸಿ.

ಹಂಗಂತ ಅವ್ರು ಹೇಳಿದ್ದನ್ನೇ ಗಿಳಿ ಥರ ವಾಪಸ್ ಒಪ್ಪಿಸ್ಬೇಡಿ. ಅವ್ರು ಹೇಳಿದ್ದನ್ನ ನಮ್ಮ ಮಾತಲ್ಲಿ ತಿರುಗಿ ಹೇಳೋದಕ್ಕೆ ರಿಫ್ಲೆಕ್ಷನ್ ಅನ್ನೋ ಹೆಸರು ರಾಜರ್ಸ್‌ಗೇ ಇಷ್ಟ ಇರ್ಲಿಲ್ಲ, ನನಗೆ ಅರ್ಥ ಆಗಿದ್ದು ಸರಿನಾ ಅಂತ ಪರೀಕ್ಷೆ ಮಾಡ್ಕೊಳ್ಳೋದು ಅದು ಅಂತ 1986ರಲ್ಲಿ ಬರೆದಿದಾರೆ. ಎರಡನೇ ಸಲ ಅದೇ ಪಾತ್ರ ಬಂದಾಗ "ತೋಟಕ್ಕೆ ಹೋದ್ರೆ ಅಪ್ಪ ಇಲ್ಲ ಅನ್ನೋದು ಎದ್ದು ಕಾಣುತ್ತೇನೋ" ಅಂದೆ, ಅವ್ಳು "ಅದಲ್ಲ, ಅಪ್ಪನ ಕತ್ತಿ ಹಿಡಿಯೋಕೆ ಭಯ" ಅಂದ್ಳು. ನನ್ನ ಊಹೆ ತಪ್ಪೇ ಆಗಿತ್ತು, ಆದ್ರೆ ಮಾತು ಮುಂದೆ ಹೋಯ್ತು.

ಸುಧಾರಿಸಿದೀನಿ ಅಂತ ಅಂದ್ಕೊಂಡಿದ್ದೆ. ಮೊನ್ನೆ ಅಮ್ಮ ಫೋನ್ ಮಾಡಿ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂದ್ರೆ ಬಾಯಿಂದ ಬಂದಿದ್ದು "ಡಾಕ್ಟ್ರಿಗೆ ತೋರ್ಸಿದ್ಯಾ?"