ಗಣಿಯೊಳಗಿನ ಗಾಳಿ: ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಯುರೇನಿಯಂ ಗಣಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಬರೆದ ಪತ್ರ ತಲುಪಿತು. ನಿಮ್ಮ ತಕರಾರು ಎರಡು. ಯುರೇನಿಯಂ ಅದಿರನ್ನು ಕೈಯಲ್ಲಿ ಹಿಡಿದರೂ ಏನೂ ಆಗುವುದಿಲ್ಲ, ಸುಮ್ನೆ ಜನರನ್ನು ಹೆದರಿಸಿದ್ದೀರಿ ಅನ್ನುವುದು ಒಂದು. ಗಣಿಯವರಿಗೆ ಬಂದ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟೇ ಕಾರಣ ಇರಬಹುದಲ್ವಾ ಅನ್ನುವುದು ಇನ್ನೊಂದು.

ಮೊದಲನೆಯದರಲ್ಲಿ ಅರ್ಧ ಮಾತು ಸರಿ. ಅದಿರಿನ ತುಂಡನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೆ ಹೇಳಿಕೊಳ್ಳುವಂಥ ಅಪಾಯವಿಲ್ಲ. ಅದನ್ನು ನಾವು ಬಿಡಿಸಿ ಬರೆಯಬೇಕಿತ್ತು, ಬರೆಯಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಗಣಿಯಲ್ಲಿ ಕಂಟಕ ಬರುವುದು ಉಸಿರಿನ ದಾರಿಯಲ್ಲಿ. ಯುರೇನಿಯಂ ಹಂತ ಹಂತವಾಗಿ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಅನ್ನುವ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಂಡೆ ಸಿಡಿಸಿದಾಗ ಬಿರುಕುಗಳಿಂದ ಹೊರಬಂದು ಸುರಂಗದಲ್ಲಿ ತುಂಬಿಕೊಳ್ಳುತ್ತದೆ. ಒಳಗೆ ಎಳೆದುಕೊಂಡ ರೇಡಾನ್ ಬಹುಪಾಲು ಉಸಿರಿನ ಜೊತೆಗೇ ವಾಪಸ್ ಹೋಗುತ್ತದೆ. ಆದರೆ ಅದು ಒಡೆದಾಗ ಹುಟ್ಟುವ ಪೊಲೋನಿಯಂ ಅನ್ನುವ ವಿಕಿರಣ ಸೂಸುವ ಘನವಸ್ತು ಧೂಳಿಗೆ ಅಂಟಿಕೊಂಡು ಶ್ವಾಸಕೋಶದಲ್ಲೇ ಕೂರುತ್ತದೆ. ಅಲ್ಲಿ ಕೂತು ಆಲ್ಫಾ ಕಣಗಳನ್ನು ಸಿಡಿಸುತ್ತದೆ. ಈ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ನಿಮ್ಮ ಅಂಗೈ ಚರ್ಮವೂ ತಡೆಯುತ್ತದೆ. ಶ್ವಾಸಕೋಶದ ಒಳಪದರಕ್ಕೆ ಅಂಥ ಹೊದಿಕೆ ಇಲ್ಲ. ಕ್ಯಾನ್ಸರ್ ಕಾಣಿಸಿಕೊಳ್ಳುವುದಕ್ಕೆ ಹತ್ತು ಇಪ್ಪತ್ತು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಎಷ್ಟೋ ಗಣಿಗಳೇ ಮುಚ್ಚಿರುತ್ತವೆ.

ಇನ್ನು ಸಿಗರೇಟು. ರೇಡಾನ್ ಜೊತೆ ಹೊಗೆಯೂ ಸೇರಿದರೆ ಅಪಾಯ ತುಂಬಾ ಜಾಸ್ತಿ, ನಿಜ. ಆದರೆ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರಲ್ಲಿ ಸೇದುವವರೇ ಕಡಿಮೆ, ಶ್ವಾಸಕೋಶದ ಕ್ಯಾನ್ಸರ್ ಅಪರೂಪವಾಗಿತ್ತು. 1969ರಿಂದ 1982ರ ನಡುವೆ ಈ ಕ್ಯಾನ್ಸರ್ ಬಂದ 32 ನವಾಹೋ ಗಂಡಸರ ವಿವರ ತೆಗೆದು ನೋಡಿದರೆ, 23 ಜನ ಯುರೇನಿಯಂ ಗಣಿಯಲ್ಲಿ ದುಡಿದವರು.

ನನಗೆ ಸಿಟ್ಟು ಬರುವುದು ಇದಕ್ಕಿಂತ ಬೇರೆ ವಿಷಯಕ್ಕೆ. ಇದೆಲ್ಲ ಮೊದಲೇ ಗೊತ್ತಿತ್ತು. ಜರ್ಮನಿಯ ಶ್ನೇಬೆರ್ಗ್ ಗಣಿಗಳವರ ಎದೆರೋಗ ಶ್ವಾಸಕೋಶದ ಕೆಟ್ಟ ಗಡ್ಡೆ ಎಂದು ವೈದ್ಯರು ಬರೆದಿದ್ದು 1879ರಲ್ಲಿ. ಆಗ ರೇಡಾನ್ ಪತ್ತೆಯೇ ಆಗಿರಲಿಲ್ಲ. 1950ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಯುರೇನಿಯಂ ಗಣಿ ಕೆಲಸಗಾರರ ಅಧ್ಯಯನ ಶುರು ಮಾಡಿತು. ವರ್ಷಗಟ್ಟಲೆ ಅವರ ತಪಾಸಣೆ ನಡೆಯಿತು. ಯಾಕೆ ಈ ತಪಾಸಣೆ, ಏನು ಅಪಾಯ ಎಂದು ಮಾತ್ರ ಅವರಿಗೆ ಹೇಳಲಿಲ್ಲ. ಉಪಾಯವೂ ಗೊತ್ತಿತ್ತು: ಫ್ಯಾನ್ ಇಟ್ಟು ಸುರಂಗದೊಳಗೆ ಹೊಸ ಗಾಳಿ ನೂಕುವುದು, ಅಷ್ಟೇ. ಆ ಯುರೇನಿಯಂ ಕೊಳ್ಳುತ್ತಿದ್ದುದು ಅಲ್ಲಿನ ಅಣುಶಕ್ತಿ ಆಯೋಗ. ಗಣಿಯೊಳಗಿನ ಸುರಕ್ಷತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದು ಕೈ ತೊಳೆದುಕೊಂಡಿತು. ಗಂಡಸರು ಅದೇ ಧೂಳಿನ ಬಟ್ಟೆಯಲ್ಲಿ ಮನೆಗೆ ಹೋದರು. ಅದನ್ನು ಹೆಂಡತಿಯರು ಒಗೆದರು. ಗಣಿಯಿಂದ ತಂದ ಕಲ್ಲಿನಲ್ಲಿ ಕೆಲವರು ಮನೆಯನ್ನೂ ಕಟ್ಟಿಕೊಂಡರು.

ಈಗಿನ ಗಣಿಗಳು ಹಾಗಿಲ್ಲ ಎಂದು ನೀವು ಹೇಳಬಹುದು. ನಿಯಮ ಪಾಲಿಸುವ ಕಡೆ ಗಾಳಿ ಆಡುತ್ತದೆ, ರೇಡಾನ್ ಅಳೆಯುತ್ತಾರೆ, ಅಪಾಯ ಬಹಳ ಕಡಿಮೆಯಾಗಿದೆ. ಆದರೆ ಯುರೇನಿಯಂ ತೆಗೆದ ಮೇಲೆ ಉಳಿಯುವ ಪುಡಿಯಲ್ಲಿ ಅದಿರಿನ ವಿಕಿರಣದ ಸುಮಾರು ಶೇಕಡಾ 85 ಭಾಗ ಹಾಗೇ ಇರುತ್ತದೆ. ನವಾಹೋ ನೆಲದಲ್ಲಿ ಬಿಟ್ಟುಹೋದ ಗಣಿಗಳೇ 500ಕ್ಕಿಂತ ಹೆಚ್ಚು.

1990ರಲ್ಲಿ ಅಮೆರಿಕದ ಸಂಸತ್ತು ಕ್ಷಮೆ ಕೇಳಿ ಕಾನೂನು ಮಾಡಿತು. ಕಾಯಿಲೆ ಬಿದ್ದ ಗಣಿ ಕೆಲಸಗಾರನಿಗೆ 1 ಲಕ್ಷ ಡಾಲರ್, ಅವನು ತೀರಿಕೊಂಡಿದ್ದರೆ ಮನೆಯವರಿಗೆ. ಆದರೆ ದುಡ್ಡು ಕೇಳಲು ಹೋದ ನವಾಹೋ ವಿಧವೆಯರ ಹತ್ತಿರ ಮದುವೆಯ ದಾಖಲೆ ಕೇಳಿದರು. ಎಷ್ಟೋ ಜನರ ಮದುವೆ ಆಗಿದ್ದು ಅವರ ಸಂಪ್ರದಾಯದ ಪ್ರಕಾರ, ಕಾಗದವೇ ಇಲ್ಲದೆ.

– ಸಂಪಾದಕ